ಮಠದ ಪಂಚಾಂಗವೂ ಅದರ ಅಂಚಿನ ಬರಹವೂ

ವರ್ಷ ಕಳೆದೊಡನೆ ಬೆಲೆಯನ್ನು ಕಳೆದುಕೊಳ್ಳುವ ಪುಸ್ತಕ ಯಾವುದೆಂದು ಕೇಳಿದರೆ, ಪಂಚಾಂಗವೆಂದು ಯಾರಾದರೂ ಉತ್ತರ ಹೇಳಿಯಾರು. ಯುಗಾದಿಯ ದಿನ ಹೊಸ ಪಂಚಾಂಗವನ್ನು ಪೂಜಿಸಿ, ಓದಿಸಿ, ಫಲ ಕೇಳಿದವರು ಹಳೆಯದನ್ನು ಅಟ್ಟಕ್ಕೆ ಸೇರಿಸುವುದು ವಾಡಿಕೆ. ಹೀಗಿದ್ದರೂ, ಪ್ಯಾರಿಸ್ ನಗರದಲ್ಲಿರುವ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸುಮಾರು ೧೩೦೦ ವರ್ಷಗಳ ಹಿಂದೆ ಚರ್ಮಪತ್ರದ ಮೇಲೆ ಬರೆದ ಒಂದು ಲ್ಯಾಟಿನ್ ಪಂಚಾಂಗವನ್ನು ಇಂದಿಗೂ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅದರಲ್ಲಿ ಇರುವುದು ಹನ್ನೆರಡು ತಿಂಗಳಿಗೆ ಹನ್ನೆರಡು ಪುಟ. ಕಣ್ಣು ಕೋರೈಸುವ ಚಿತ್ರಗಳಿಗಾಗಿ ಅದು ಪ್ರಸಿದ್ಧವಾದುದಲ್ಲ. ಮಧ್ಯಯುಗದ ಕೊನೆಯಲ್ಲಿ ಯೂರೋಪಿನ ರಾಜಕುಮಾರರು ಚಿನ್ನ, ನೀಲಿಗಳಿಂದ ಬರೆಯಿಸಿದ ಪ್ರಾರ್ಥನಾಗ್ರಂಥಗಳ ಮುಂದೆ ಅದು ಬಡವನ ಮನೆಯ ಪುಸ್ತಕದಂತೆ ತೋರೀತು. ಆದರೂ ಇತಿಹಾಸಕಾರರು ಅದನ್ನು ಆ ಶ್ರೀಮಂತ ಗ್ರಂಥಗಳಿಗಿಂತ ಕಡಮೆಯಾಗಿ ಎಣಿಸಲಾರರು. ಅದಕ್ಕೆ ಕಾರಣ ನವೆಂಬರ್ ತಿಂಗಳಿನ ಪುಟದ ಅಂಚಿನಲ್ಲಿ ಒಬ್ಬ ಮುದುಕನು ಬರೆದಿಟ್ಟಿರುವ ಕೆಲವೇ ಸಾಲುಗಳು.

ಈ ಪಂಚಾಂಗಕ್ಕೆ ವಿಲಿಬ್ರಾರ್ಡನ ಪಂಚಾಂಗವೆಂದು ಹೆಸರು. ವಿಲಿಬ್ರಾರ್ಡ್ ಎಂಬಾತ ಇಂಗ್ಲೆಂಡಿನ ಉತ್ತರ ಭಾಗದ ನಾರ್ತಂಬ್ರಿಯ ರಾಜ್ಯದಲ್ಲಿ ಕ್ರಿ. ಶ. ೬೫೮ರ ಸುಮಾರಿಗೆ ಹುಟ್ಟಿ, ಸಮುದ್ರವನ್ನು ದಾಟಿ, ಇಂದಿನ ನೆದರ್ಲೆಂಡ್ಸ್ ದೇಶದ ಕಡಲ ತೀರದಲ್ಲಿದ್ದ ಫ್ರಿಸಿಯನ್ ಜನಕ್ಕೆ ಕ್ರೈಸ್ತ ಮತವನ್ನು ಬೋಧಿಸಿದ ಸಂನ್ಯಾಸಿ. ಇಂದಿನ ಲಕ್ಸೆಂಬರ್ಗ್ ದೇಶದ ಎಖ್ಟರ್ನಾಖ್ ಎಂಬಲ್ಲಿ ಆತ ಒಂದು ಮಠವನ್ನು ಸ್ಥಾಪಿಸಿದನು. ಪಂಚಾಂಗ ಎಂಟನೆಯ ಶತಮಾನದ ಆರಂಭದಲ್ಲಿ ಆತನ ಪರಿವಾರದಲ್ಲಿ, ಆತನ ಉಪಯೋಗಕ್ಕಾಗಿಯೇ ಸಿದ್ಧವಾದದ್ದು. ಪಂಚಾಂಗ ಎಂಬ ಮಾತನ್ನು ಇಲ್ಲಿ ಸೌಕರ್ಯಕ್ಕಾಗಿ ಬಳಸುತ್ತಿದ್ದೇನೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳು ಅದರಲ್ಲಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸವೂ ಉಂಟು. ನಮ್ಮ ಪಂಚಾಂಗ ಒಂದು ಸಂವತ್ಸರಕ್ಕೆ ಮಾತ್ರ ಸಲ್ಲುವಂಥದು. ಮಧ್ಯಯುಗದ ಕ್ರೈಸ್ತ ಮಠಗಳ ಪಂಚಾಂಗದಲ್ಲಿಯಾದರೋ ವರ್ಷವೆಂಬುದೇ ಇರುವುದಿಲ್ಲ. ಜನವರಿ ಒಂದರಿಂದ ಡಿಸೆಂಬರ್ ಮೂವತ್ತೊಂದರವರೆಗೆ ದಿನಗಳ ಸಾಲು. ಕೊನೆಗೆ ಬಂದೊಡನೆ ಮತ್ತೆ ಮೊದಲಿಗೆ ಹೋಗುವುದು. ತಿರುಗುವ ಗಾಲಿಗೆ ಎಂತೋ ಅಂತೆ, ಈ ಪುಸ್ತಕಕ್ಕೂ ಆದಿ ಅಂತ್ಯಗಳಿಲ್ಲ. ಆದ್ದರಿಂದಲೇ ಒಂದು ಸಲ ಬರೆದ ಪಂಚಾಂಗ ಮಠದಲ್ಲಿ ಹಲವು ತಲೆಮಾರುಗಳ ಕಾಲ ಬಳಕೆಯಲ್ಲಿ ಇರಬಹುದಾಗಿತ್ತು.

ಇಂಥ ಒಂದು ಪುಟವನ್ನು ಓದುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಲೇಸು. ಪ್ರತಿ ತಿಂಗಳಿನ ತಲೆಯಲ್ಲಿ ಕೆ, ಎಲ್ ಎಂಬ ಎರಡು ಅಕ್ಷರಗಳು ದೊಡ್ಡದಾಗಿ ಎದ್ದು ಕಾಣುವುವು. ಅವು ಕಲೆಂಡ್ ಎಂಬ ಮಾತಿನ ಸಂಕ್ಷೇಪ. ರೋಮನರು ತಿಂಗಳಿನ ಮೊದಲ ದಿನವನ್ನು ಕಲೆಂಡ್ ಎಂದೂ, ಐದನೆಯದನ್ನೋ ಏಳನೆಯದನ್ನೋ ನೋನ್ ಎಂದೂ, ಹದಿಮೂರನೆಯದನ್ನೋ ಹದಿನೈದನೆಯದನ್ನೋ ಐಡ್ ಎಂದೂ ಕರೆಯುತ್ತಿದ್ದರು. ಉಳಿದ ದಿನಗಳನ್ನು ಅವರು ಮುಂದಕ್ಕೆ ಎಣಿಸುತ್ತಿರಲಿಲ್ಲ. ಮುಂಬರುವ ಕಲೆಂಡಿಗೋ, ನೋನಿಗೋ, ಐಡಿಗೋ ಇನ್ನು ಎಷ್ಟು ದಿನ ಉಳಿದಿದೆಯೆಂದು ಹಿಂದಕ್ಕೆ ಎಣಿಸುತ್ತಿದ್ದರು. ಎರಡು ತುದಿಯ ದಿನಗಳನ್ನೂ ಸೇರಿಸಿ ಲೆಕ್ಕ ಹಾಕುವುದು ಅವರ ಪದ್ಧತಿಯಾದ್ದರಿಂದ, ನಾವು ನವೆಂಬರ್ ೨೧ ಎನ್ನುವುದನ್ನು ಅವರು ಡಿಸೆಂಬರ್ ಕಲೆಂಡಿಗೆ ಹನ್ನೊಂದನೆಯ ದಿನವೆಂದು ಬರೆಯುವರು. ರೋಮ್ ಸಾಮ್ರಾಜ್ಯ ಪಶ್ಚಿಮದಲ್ಲಿ ಅಳಿದುಹೋಗಿ ಇನ್ನೂರು ವರ್ಷವಾಗಿದ್ದರೂ, ಜೂಲಿಯಸ್ ಸೀಸರನು ಕ್ರಿ. ಪೂ. ೪೫ರಲ್ಲಿ ಬಳಕೆಗೆ ತಂದ ದಿನಗಣನೆಯನ್ನೇ ಈ ಸಂನ್ಯಾಸಿಗಳು ತಮ್ಮ ಪೂಜೆಯ ಪುಸ್ತಕಕ್ಕೆ ಅಡಿಪಾಯವಾಗಿ ಇಟ್ಟುಕೊಂಡಿದ್ದರು.

ದಿನದ ಎದುರಿಗೆ ಬರುವುದು ಹೆಸರು. ಪಂಚಾಂಗದ ಪ್ರಯೋಜನವೆಲ್ಲ ಆ ಹೆಸರಿನಲ್ಲಿದೆ. ಇಂಥ ದಿನ ಇಂಥ ಸಂತನನ್ನು ನೆನೆಯಬೇಕು ಎಂಬ ವಿಧಿಯನ್ನು ಅದು ತಿಳಿಸುವುದು. ಈ ದಿನಗಳಲ್ಲಿ ಬಹುಪಾಲು ಆ ಸಂತರು ದೇಹ ಬಿಟ್ಟ ದಿನಗಳು. ನಮ್ಮಲ್ಲಿ ಯತಿಗಳ ಆರಾಧನೆ ಅವರು ಹುಟ್ಟಿದ ತಿಥಿಯಲ್ಲಿ ಅಲ್ಲ, ದೇಹ ಬಿಟ್ಟ ತಿಥಿಯಲ್ಲಿ ನಡೆಯುವುದನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಆದರೆ ಲ್ಯಾಟಿನ್ ಪಂಚಾಂಗಗಳು ಒಂದು ಹೆಜ್ಜೆ ಮುಂದೆ ಹೋಗಿ, ಸಾವಿನ ದಿನಕ್ಕೇ ಜನ್ಮದಿನವೆಂಬ ಅರ್ಥದ ನತಾಲೆ ಎಂಬ ಹೆಸರನ್ನು ಇಟ್ಟಿರುವುವು. ಮಣ್ಣಿನಲ್ಲಿ ಬಿದ್ದ ದಿನವೇ ನಿತ್ಯಜೀವನಕ್ಕೆ ಹುಟ್ಟಿದ ದಿನ ಎಂಬುದು ಅವರ ನಂಬಿಕೆ. ಹೀಗೆ ಮಠದ ಪಂಚಾಂಗವೆಂದರೆ ಮುಖ್ಯವಾಗಿ ಸತ್ತವರ ಪಟ್ಟಿ. ಬದುಕಿರುವವರು ಪ್ರತಿ ದಿನ ಬೆಳಗ್ಗೆ ಎದ್ದು ಯಾರ ಸಂಗದಲ್ಲಿ ಆ ದಿನವನ್ನು ಕಳೆಯಬೇಕು ಎಂಬುದನ್ನು ಅದು ನಿರ್ಣಯಿಸುವುದು. ಒಂದು ಸಮುದಾಯ ಯಾರನ್ನು ತನ್ನ ಹಿರಿಯರೆಂದು ಆರಿಸಿಕೊಂಡಿತು ಎಂಬುದನ್ನು ತಿಳಿಯಲು ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಸಿಕ್ಕುವುದು ಕಷ್ಟ.

ವಿಲಿಬ್ರಾರ್ಡನ ಪಂಚಾಂಗದಲ್ಲಿರುವ ಹೆಸರುಗಳನ್ನು ಓದುತ್ತ ಹೋದರೆ ಆತನ ಬಾಳಿನ ದಾರಿಯೇ ಕಣ್ಣಿಗೆ ಕಟ್ಟುವುದು. ರೋಮಿನ ಹಳೆಯ ಹುತಾತ್ಮರೂ ಅಪೊಸ್ತಲರೂ ಅಲ್ಲಿರುವುದು ಸಹಜ. ಅವರ ನಡುವೆ ಐರ್ಲೆಂಡಿನ ಪ್ಯಾಟ್ರಿಕ್, ಬ್ರಿಜಿಡ್, ಕೊಲಂಬ ಇವರ ಹೆಸರುಗಳಿವೆ. ಐರ್ಲೆಂಡಿನ ಸಂತರ ದಿನಗಳು ಯೂರೋಪಿನ ಒಳನಾಡಿನ ಪುಸ್ತಕಕ್ಕೆ ಬಂದುದು ಹೇಗೆ? ವಿಲಿಬ್ರಾರ್ಡನ ತಂದೆ ವಿಲ್ಗಿಲ್ಸ್ ಮಗನನ್ನು ಎಳೆಯ ವಯಸ್ಸಿನಲ್ಲಿಯೇ ರಿಪನ್ ಎಂಬ ಊರಿನ ಮಠಕ್ಕೆ ಒಪ್ಪಿಸಿದನು. ಇಪ್ಪತ್ತರ ಹರೆಯದಲ್ಲಿ, ಎಂದರೆ ಸುಮಾರು ೬೭೮ರಲ್ಲಿ, ಆತ ಐರ್ಲೆಂಡಿಗೆ ಹೋಗಿ ಎಗ್ಬರ್ಟ್ ಎಂಬ ಗುರುವಿನ ಬಳಿ ಹನ್ನೆರಡು ವರ್ಷ ವ್ಯಾಸಂಗ ಮಾಡಿದನು. ಈ ಎಗ್ಬರ್ಟನೂ ಆಂಗ್ಲ ಜನಾಂಗದವನೇ. ತಾಯಿನಾಡನ್ನು ಬಿಟ್ಟು ಪರದೇಶಿಯಾಗಿ ಬಾಳುವೆನೆಂದು ವ್ರತ ತೊಟ್ಟವನು. ಹಾಗೆಯೇ ಪಂಚಾಂಗದಲ್ಲಿ ಆಗಸ್ಟ್ ೫ನೆಯ ದಿನಕ್ಕೆ ನಾರ್ತಂಬ್ರಿಯದ ದೊರೆ ಓಸ್ವಾಲ್ಡನ ಹೆಸರಿದೆ. ಈ ದೊರೆ ೬೪೨ರಲ್ಲಿ ಯುದ್ಧದಲ್ಲಿ ಮಡಿದವನು. ಪರಸ್ಥಳದಲ್ಲಿದ್ದ ವಿಲಿಬ್ರಾರ್ಡ್ ತನ್ನ ಬಳಿಗೆ ಬಂದ ಅತಿಥಿಗಳೊಡನೆ ಈ ಓಸ್ವಾಲ್ಡನ ಅಸ್ಥಿಗಳ ಮಹಿಮೆಯನ್ನು ಕುರಿತು ಮಾತನಾಡುತ್ತಿದ್ದನೆಂದು ಬೀಡ್ ಎಂಬ ಪ್ರಸಿದ್ಧ ಇತಿಹಾಸಕಾರನು ಬರೆದಿದ್ದಾನೆ. ಊರು ಬಿಟ್ಟು ಹೋದವನು ತನ್ನ ಊರಿನ ದೇವರನ್ನೂ ಹಿರಿಯರನ್ನೂ ಹೊಸ ನೆಲಕ್ಕೆ ಹೊತ್ತುಕೊಂಡು ಹೋಗುವಂತೆ, ಆತ ತನ್ನ ದೊರೆಯನ್ನು ಒಂದು ಸಾಲಿನಲ್ಲಿ ಹೊತ್ತು ತಂದಿದ್ದನು.

ಪಂಚಾಂಗದೊಡನೆ ಸೇರಿ ಬಂದಿರುವ ಇನ್ನೊಂದು ಸಾಮಗ್ರಿಯನ್ನೂ ಹೇಳಬೇಕು. ಅದೇ ಹಸ್ತಪ್ರತಿಯಲ್ಲಿ ಈಸ್ಟರ್ ಹಬ್ಬದ ದಿನವನ್ನು ಗೊತ್ತುಮಾಡುವ ಪಟ್ಟಿಗಳಿವೆ. ಸಂತರ ದಿನಗಳು ಸೂರ್ಯಮಾನದವು, ಅವು ಕದಲುವುದಿಲ್ಲ. ಈಸ್ಟರ್ ಮಾತ್ರ ಚಂದ್ರನನ್ನು ಅವಲಂಬಿಸಿದ್ದು. ಮಾರ್ಚ್ ೨೧ರಂದು ಅಥವಾ ಅದರ ಅನಂತರ ಬರುವ ಹುಣ್ಣಿಮೆಯನ್ನು ನೋಡಿ, ಅದರ ಮುಂದಿನ ಭಾನುವಾರದಲ್ಲಿ ಹಬ್ಬವನ್ನು ಆಚರಿಸಬೇಕು. ಸೂರ್ಯಚಂದ್ರರನ್ನು ಹೊಂದಿಸುವ ಕಷ್ಟ ಅಧಿಕಮಾಸವನ್ನು ಬಲ್ಲ ನಮಗೆ ಹೊಸದಲ್ಲ. ೧೯ ಸೌರವರ್ಷಗಳು ೨೩೫ ಚಾಂದ್ರಮಾಸಗಳಿಗೆ ಬಹುಮಟ್ಟಿಗೆ ಸಮನಾಗುವುವೆಂಬುದನ್ನು ಗ್ರೀಕರು ಬಹು ಹಿಂದೆಯೇ ಅರಿತಿದ್ದರು. ಈ ೧೯ ವರ್ಷದ ಚಕ್ರವನ್ನು ಆಧಾರವಾಗಿಟ್ಟುಕೊಂಡು ಡಯೊನಿಸಿಯಸ್ ಎಂಬ ಸಂನ್ಯಾಸಿ ರೋಮ್ ನಗರದಲ್ಲಿ ೫೨೫ರಲ್ಲಿ ಒಂದು ಪಟ್ಟಿಯನ್ನು ರಚಿಸಿದನು. ಅದಕ್ಕೆ ಮುಂಚಿನ ಪಟ್ಟಿಗಳಲ್ಲಿ ವರ್ಷಗಳನ್ನು ಡಯೊಕ್ಲೀಷಿಯನ್ ಚಕ್ರವರ್ತಿಯ ಆಳಿಕೆಯಿಂದ ಎಣಿಸುತ್ತಿದ್ದರು. ಕ್ರೈಸ್ತರನ್ನು ಹಿಂಸಿಸಿದ ಆ ಅರಸನ ನೆನಪನ್ನು ಪೂಜೆಯ ಪಟ್ಟಿಯಲ್ಲಿ ಉಳಿಸಲಾರೆನೆಂದು ಡಯೊನಿಸಿಯಸನು ಕ್ರಿಸ್ತನ ಅವತಾರದಿಂದ ವರ್ಷಗಳನ್ನು ಎಣಿಸಲು ತೊಡಗಿದನು. ಇಂದು ಜಗತ್ತಿನ ಬಹುಭಾಗ ಪತ್ರವ್ಯವಹಾರಕ್ಕೆ ಬಳಸುತ್ತಿರುವ ಕ್ರಿಸ್ತಶಕ ಹೀಗೆ ಯಾವ ಚಕ್ರವರ್ತಿಯ ಶಾಸನದಿಂದಲೂ ಅಲ್ಲ, ಒಂದು ಹಬ್ಬದ ಪಟ್ಟಿಯ ಅಂಕಣದಿಂದ ಹುಟ್ಟಿಬಂತು.

ಈ ಪಟ್ಟಿಗಳ ವಿಷಯದಲ್ಲಿ ಬ್ರಿಟಿಷ್ ದ್ವೀಪಗಳಲ್ಲಿ ನಡೆದ ಕಲಹ ಸಣ್ಣದಲ್ಲ. ಐಯೋನ ದ್ವೀಪದ ಮಠದವರೂ ಅವರ ಶಿಷ್ಯರೂ ೮೪ ವರ್ಷದ ಹಳೆಯ ಚಕ್ರವನ್ನು ಅನುಸರಿಸುತ್ತಿದ್ದರು. ರೋಮಿನ ಪಕ್ಷದವರು ೧೯ ವರ್ಷದ ಚಕ್ರವನ್ನು ಹಿಡಿದಿದ್ದರು. ನಾರ್ತಂಬ್ರಿಯದ ಅರಮನೆಯಲ್ಲಿ ದೊರೆ ಓಸ್ವಿ ಒಂದು ಲೆಕ್ಕವನ್ನೂ ರಾಣಿ ಈನ್‌ಫ್ಲೆಡ್ ಇನ್ನೊಂದು ಲೆಕ್ಕವನ್ನೂ ಅನುಸರಿಸುತ್ತಿದ್ದುದರಿಂದ, ದೊರೆ ಹಬ್ಬದ ಊಟ ಮಾಡುವಾಗ ರಾಣಿ ಇನ್ನೂ ಉಪವಾಸದಲ್ಲಿ ಇದ್ದದ್ದುಂಟೆಂದು ಬೀಡ್ ಹೇಳುತ್ತಾನೆ. ೬೬೪ರಲ್ಲಿ ವಿಟ್ಬಿ ಎಂಬಲ್ಲಿ ಸಭೆ ಸೇರಿ ರೋಮಿನ ಲೆಕ್ಕವೇ ಸರಿಯೆಂದು ನಿರ್ಣಯಿಸಿದರು. ಆ ಸಭೆಯಲ್ಲಿ ಗೆದ್ದ ಪಕ್ಷದ ವಾಗ್ಮಿ ವಿಲ್ಫ್ರಿಡ್. ಬಾಲಕ ವಿಲಿಬ್ರಾರ್ಡ್ ಬೆಳೆದ ರಿಪನ್ ಮಠ ಆತನದೇ. ಮುಂದೆ ೭೧೬ರಲ್ಲಿ ಐಯೋನದವರನ್ನೂ ಹೊಸ ಲೆಕ್ಕಕ್ಕೆ ಒಪ್ಪಿಸಿದವನು ವಿಲಿಬ್ರಾರ್ಡನ ಗುರು ಎಗ್ಬರ್ಟ್. ಆದ್ದರಿಂದ ಎಖ್ಟರ್ನಾಖ್ ಹಸ್ತಪ್ರತಿಯಲ್ಲಿ ಡಯೊನಿಸಿಯಸನ ಪದ್ಧತಿಯ ಪಟ್ಟಿಗಳು ಸಿಕ್ಕುವುದು ಆಕಸ್ಮಿಕವಲ್ಲ. ಅವುಗಳಲ್ಲಿ ಒಂದು ೬೮೪ರಿಂದ ೭೦೨ರವರೆಗಿನ ೧೯ ವರ್ಷಗಳದು. ಎಂದರೆ ವಿಲಿಬ್ರಾರ್ಡ್ ಇನ್ನೂ ಐರ್ಲೆಂಡಿನಲ್ಲಿ ಶಿಷ್ಯನಾಗಿದ್ದಾಗಲೇ ಆ ಪಟ್ಟಿಯ ಮೊದಲ ವರ್ಷಗಳು ನಡೆಯುತ್ತಿದ್ದುವು. ಕ್ರಿಸ್ತಶಕದಿಂದ ವರ್ಷ ಎಣಿಸುವುದನ್ನು ಆತ ಕಲಿತದ್ದು ಇಂಥ ಪಟ್ಟಿಗಳನ್ನು ನೋಡಿಯೇ ಇರಬೇಕು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ನಾವು ಆತನ ಪ್ರಯಾಣವನ್ನು ಹಿಂಬಾಲಿಸೋಣ.

೬೯೦ರಲ್ಲಿ ಎಗ್ಬರ್ಟನು ವಿಲಿಬ್ರಾರ್ಡನನ್ನು ಸೇರಿಸಿ ಹನ್ನೆರಡು ಮಂದಿಯನ್ನು ಫ್ರಿಸಿಯಕ್ಕೆ ಕಳುಹಿಸಿದನು. ಆ ನಾಡಿನ ಒಂದು ಭಾಗವನ್ನು ಫ್ರಾಂಕರ ಅಧಿಪತಿ ಪಿಪಿನ್ ಆಗತಾನೆ ಗೆಲ್ಲತೊಡಗಿದ್ದನು. ಉಳಿದ ಭಾಗ ಫ್ರಿಸಿಯನರ ಅರಸ ರಾಡ್‌ಬಾಡನ ಕೈಯಲ್ಲಿತ್ತು. ವಿಲಿಬ್ರಾರ್ಡ್ ಪಿಪಿನನ ಆಶ್ರಯವನ್ನು ಪಡೆದು ಕೆಲಸವನ್ನು ಆರಂಭಿಸಿದನು. ಎರಡು ಸಲ ರೋಮಿಗೆ ಹೋಗಿಬಂದನು. ಎರಡನೆಯ ಸಲ ಪೋಪ್ ಸರ್ಜಿಯಸನು ಆತನನ್ನು ಫ್ರಿಸಿಯನರ ಬಿಷಪ್ ಆಗಿ ಅಭಿಷೇಕಿಸಿ, ಕ್ಲೆಮೆಂಟ್ ಎಂಬ ರೋಮನ್ ಹೆಸರನ್ನು ಕೊಟ್ಟನು. ಯುಟ್ರೆಕ್ಟ್ ಆತನ ಪೀಠವಾಯಿತು. ೬೯೮ರಲ್ಲಿ ಇರ್ಮಿನ ಎಂಬ ಶ್ರೀಮಂತ ಸಂನ್ಯಾಸಿನಿ ಕೊಟ್ಟ ಭೂಮಿಯಲ್ಲಿ ಎಖ್ಟರ್ನಾಖ್ ಮಠ ಏರ್ಪಟ್ಟಿತು. ಇದೆಲ್ಲವೂ ಸುಲಭವಾಗಿ ನಡೆಯಿತೆಂದು ತಿಳಿಯಬಾರದು. ಆ ಕಾಲದಲ್ಲಿಯೇ, ವಿಲಿಬ್ರಾರ್ಡನ ಮೇಲ್ಪಂಕ್ತಿಯನ್ನು ಅನುಸರಿಸಿ, ಹೆವಾಲ್ಡ್ ಎಂಬ ಒಂದೇ ಹೆಸರಿನ ಇಬ್ಬರು ಆಂಗ್ಲ ಪಾದ್ರಿಗಳು ನೆರೆಯ ಸ್ಯಾಕ್ಸನರ ನಾಡಿಗೆ ಹೋದರು. ಕೂದಲಿನ ಬಣ್ಣದಿಂದ ಒಬ್ಬನನ್ನು ಕಪ್ಪು ಹೆವಾಲ್ಡನೆಂದೂ ಇನ್ನೊಬ್ಬನನ್ನು ಬಿಳಿ ಹೆವಾಲ್ಡನೆಂದೂ ಕರೆಯುತ್ತಿದ್ದರು. ಹೊಸ ಮತವನ್ನು ತಂದು ತಮ್ಮ ಒಡೆಯನ ಮನಸ್ಸನ್ನು ತಿರುಗಿಸಿಯಾರೆಂದು ಹೆದರಿದ ಹಳ್ಳಿಯವರು ಅವರಿಬ್ಬರನ್ನೂ ಕೊಂದು ನದಿಗೆ ಎಸೆದರು. ಈ ಇಬ್ಬರ ಹೆಸರು ಪಂಚಾಂಗದ ಅಕ್ಟೋಬರ್ ಪುಟದಲ್ಲಿ ಸೇರಿತು. ರೋಮಿನ ಹುತಾತ್ಮರ ಸಾಲಿನಲ್ಲಿ ಈ ಹೆಸರನ್ನು ಓದುವಾಗ ವಿಲಿಬ್ರಾರ್ಡನ ಮನಸ್ಸಿಗೆ ಏನಾಗುತ್ತಿದ್ದಿತೋ ಊಹಿಸಬಹುದು. ಉಳಿದವರು ಪುಸ್ತಕದ ಸಂತರು. ಇವರಾದರೋ ತನ್ನ ನಾಡಿನವರು, ತನ್ನ ದಾರಿಯನ್ನು ಹಿಡಿದು ಬಂದು ಮಡಿದವರು.

೭೧೪ರಲ್ಲಿ ಪಿಪಿನ್ ತೀರಿಕೊಂಡನು. ಫ್ರಾಂಕರಲ್ಲಿ ಅಂತಃಕಲಹ ಎದ್ದಿತು. ಸಮಯ ಕಾದಿದ್ದ ರಾಡ್‌ಬಾಡ್ ತನ್ನ ನಾಡನ್ನು ಹಿಂದಕ್ಕೆ ಪಡೆದು, ಚರ್ಚುಗಳನ್ನು ಕೆಡವಿಸಿ, ಹಳೆಯ ದೇವರ ಗುಡಿಗಳನ್ನು ಮತ್ತೆ ನಿಲ್ಲಿಸಿದನು. ಇಪ್ಪತ್ತೈದು ವರ್ಷಗಳ ದುಡಿಮೆ ಕಣ್ಣೆದುರಿಗೇ ಹಾಳಾಯಿತು. ವಿಲಿಬ್ರಾರ್ಡ್ ಎಖ್ಟರ್ನಾಖಿಗೆ ಹಿಂದಿರುಗಬೇಕಾಯಿತು. ೭೧೯ರಲ್ಲಿ ರಾಡ್‌ಬಾಡ್ ಮರಣ ಹೊಂದಿ, ಪಿಪಿನನ ಮಗ ಚಾರ್ಲ್ಸ್ ಮಾರ್ಟೆಲನ ಕೈ ಮೇಲಾದ ಮೇಲೆಯೇ ಆತನಿಗೆ ಯುಟ್ರೆಕ್ಟಿಗೆ ಮರಳಿ ಬರಲು ಸಾಧ್ಯವಾದದ್ದು. ಆಗ ಆತನಿಗೆ ಅರವತ್ತು ವರ್ಷ ದಾಟಿತ್ತು. ಬಾನಿಫೇಸ್ ಎಂಬ ತರುಣತರನಾದ ಆಂಗ್ಲ ಸಂನ್ಯಾಸಿ ಮೂರು ವರ್ಷ ಜೊತೆಯಲ್ಲಿದ್ದು ನೆರವಾದನು. ಆತನನ್ನೇ ತನ್ನ ಉತ್ತರಾಧಿಕಾರಿಯನ್ನಾಗಿ ಮಾಡಬೇಕೆಂದು ವಿಲಿಬ್ರಾರ್ಡ್ ಬಯಸಿದನು. ಬಾನಿಫೇಸ್ ಒಪ್ಪದೆ ಜರ್ಮನಿಯ ಕಡೆಗೆ ಹೊರಟುಹೋದನು. ಮುದುಕನು ಮತ್ತೆ ಹೊಸದಾಗಿ ಕಟ್ಟಲು ಕುಳಿತನು.

ಇಷ್ಟನ್ನೂ ತಿಳಿದ ಮೇಲೆ ನವೆಂಬರ್ ಪುಟದ ಅಂಚಿಗೆ ಬರಬಹುದು. ಅಲ್ಲಿರುವ ಬರಹ ವಿಲಿಬ್ರಾರ್ಡನ ಸ್ವಹಸ್ತದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಅದರ ತಾತ್ಪರ್ಯ ಇಷ್ಟೆ: ಕ್ಲೆಮೆಂಟ್ ವಿಲಿಬ್ರಾರ್ಡ್ ಎಂಬವನು ಕ್ರಿಸ್ತನ ಅವತಾರದಿಂದ ೬೯೦ನೆಯ ವರ್ಷದಲ್ಲಿ ಕಡಲಾಚೆಯಿಂದ ಫ್ರಾಂಕರ ನಾಡಿಗೆ ಬಂದನು, ೬೯೫ನೆಯ ವರ್ಷದಲ್ಲಿ, ತಾನು ಅದಕ್ಕೆ ಅರ್ಹನಲ್ಲದಿದ್ದರೂ, ಪೋಪ್ ಸರ್ಜಿಯಸನಿಂದ ರೋಮಿನಲ್ಲಿ ಬಿಷಪ್ ಆಗಿ ಅಭಿಷಿಕ್ತನಾದನು, ಈಗ ೭೨೮ನೆಯ ವರ್ಷವನ್ನು ದೇವರ ಹೆಸರಿನಲ್ಲಿ ಸುಖವಾಗಿ ನಡೆಸುತ್ತಿರುವನು. ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ತನ್ನನ್ನು ನಾನು ಎಂದು ಹೇಳಿಕೊಳ್ಳದೆ, ಬೇರೊಬ್ಬನ ಸಂಗತಿಯನ್ನು ಹೇಳುವಂತೆ ಪ್ರಥಮಪುರುಷದಲ್ಲಿ ಬರೆದಿದ್ದಾನೆ. ವರ್ಷಗಳನ್ನು ಅಂಕಿಗಳಲ್ಲಿ ಅಲ್ಲ, ಪೂರ್ಣವಾದ ಮಾತುಗಳಲ್ಲಿ ಬರೆದಿದ್ದಾನೆ. ದೇವರ ಹೆಸರಿನಲ್ಲಿ ಎಂಬ ಮಾತು ಅಷ್ಟು ಸಣ್ಣ ಬರಹದಲ್ಲಿ ಮತ್ತೆ ಮತ್ತೆ ಬರುವುದು. ಲ್ಯಾಟಿನ್ ವ್ಯಾಕರಣವನ್ನು ಚೆನ್ನಾಗಿ ಬಲ್ಲವರು ಅದರಲ್ಲಿ ತಪ್ಪುಗಳನ್ನೂ ಕಾಣುವರು. ಕೊನೆಯ ವಾಕ್ಯಕ್ಕಂತೂ ಪೂರ್ಣ ಕ್ರಿಯಾಪದವೇ ಇಲ್ಲ. ನಡೆಸುತ್ತ ಎಂದು ಹೇಳಿ, ಸುಖವಾಗಿ ಎಂಬ ಮಾತಿನಲ್ಲಿ ಅದು ನಿಂತುಹೋಗುವುದು. ಬಾಳು ಇನ್ನೂ ಮುಗಿದಿರಲಿಲ್ಲ, ವಾಕ್ಯವೂ ಮುಗಿಯಲಿಲ್ಲ.

ಇತಿಹಾಸಕಾರನಿಗೆ ಈ ಸಾಲುಗಳಿಂದ ಆಗಿರುವ ಮೊದಲನೆಯ ಉಪಕಾರ ಕಾಲನಿರ್ಣಯದ್ದು. ಬೀಡನು ೭೩೧ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ವಿಲಿಬ್ರಾರ್ಡನ ಅಭಿಷೇಕ ೬೯೬ರಲ್ಲಿ ಸಂತ ಸಿಸಿಲಿಯಳ ಹಬ್ಬದಂದು, ಎಂದರೆ ನವೆಂಬರ್ ೨೨ರಂದು, ನಡೆಯಿತೆಂದು ಬರೆದಿದ್ದಾನೆ. ಬೀಡನು ಕಾಲಗಣನೆಯಲ್ಲಿ ಆ ಯುಗದ ಅತಿ ದೊಡ್ಡ ಪಂಡಿತ. ೭೨೫ರಲ್ಲಿ ಆ ವಿಷಯವಾಗಿಯೇ ಒಂದು ದೊಡ್ಡ ಗ್ರಂಥವನ್ನು ರಚಿಸಿದವನು. ಆದರೆ ಆತ ಇದ್ದದ್ದು ದೂರದ ನಾರ್ತಂಬ್ರಿಯದ ಮಠದಲ್ಲಿ. ವಿಷಯ ಆತನಿಗೆ ಬಾಯಿಂದ ಬಾಯಿಗೆ ಬಂದಿರಬೇಕು. ಅಭಿಷೇಕಗೊಂಡವನೇ ೬೯೫ ಎನ್ನುತ್ತಾನೆ. ಆತನ ಪಂಚಾಂಗದಲ್ಲಿ ಅಭಿಷೇಕದ ದಿನ ನವೆಂಬರ್ ೨೧. ಬಿಷಪ್ಪರ ಅಭಿಷೇಕವನ್ನು ಭಾನುವಾರ ನಡೆಸುವುದು ಆಗಿನ ಸಂಪ್ರದಾಯ. ಲೆಕ್ಕ ಹಾಕಿ ನೋಡಿದರೆ ೬೯೫ರ ನವೆಂಬರ್ ೨೧ ಭಾನುವಾರವೇ ಆಗುವುದು. ೬೯೬ರ ನವೆಂಬರ್ ೨೨ ಬುಧವಾರ. ವ್ಯಾಕರಣದಲ್ಲಿ ತಪ್ಪಿದ ಸಂನ್ಯಾಸಿಯ ಬರಹ ಕಾಲದ ವಿಷಯದಲ್ಲಿ ಮಹಾಪಂಡಿತನ ಗ್ರಂಥವನ್ನು ತಿದ್ದುವಂತಾಯಿತು. ಶಾಸನವೊಂದರ ಎರಡು ಸಾಲು ಕಾವ್ಯವೊಂದರ ನೂರು ಪದ್ಯಗಳ ಕಾಲವನ್ನು ನಿರ್ಣಯಿಸುವುದನ್ನು ನಮ್ಮ ಇತಿಹಾಸದಲ್ಲಿಯೂ ಕಂಡಿದ್ದೇವೆ.

ಎರಡನೆಯ ಉಪಕಾರ ಇದಕ್ಕಿಂತ ಸೂಕ್ಷ್ಮವಾದದ್ದು. ಪಂಚಾಂಗದಲ್ಲಿ ವರ್ಷವಿಲ್ಲ, ಅದು ತಿರುಗುವ ಗಾಲಿ ಎಂದು ಮೊದಲೇ ಹೇಳಿದೆ. ಅಲ್ಲಿ ಓಸ್ವಾಲ್ಡ್ ಪ್ರತಿ ಆಗಸ್ಟಿನಲ್ಲಿಯೂ ಮಡಿಯುವನು. ಇಬ್ಬರು ಹೆವಾಲ್ಡರು ಪ್ರತಿ ಅಕ್ಟೋಬರಿನಲ್ಲಿಯೂ ನದಿಯ ಪಾಲಾಗುವರು. ಯಾವುದೂ ಹಳೆಯದಾಗುವುದಿಲ್ಲ, ಯಾವುದೂ ಮುಂದುವರಿಯುವುದಿಲ್ಲ. ಮನುಷ್ಯನ ಬಾಳು ಹಾಗಲ್ಲ. ಅದು ಒಂದು ಕಡೆ ಹೊರಟು ಒಂದು ಕಡೆ ಮುಗಿಯುವ ದಾರಿ. ನಡೆದ ಹೆಜ್ಜೆಗೆ ಮತ್ತೆ ಬರುವಂತಿಲ್ಲ. ಎಪ್ಪತ್ತು ವರ್ಷದ ವಿಲಿಬ್ರಾರ್ಡ್ ಗಾಲಿಯ ಅಂಚಿನಲ್ಲಿ ಈ ದಾರಿಯ ಗುರುತನ್ನು ಹಾಕಿದ್ದಾನೆ. ಕಡಲನ್ನು ದಾಟಿದ್ದು, ಅಭಿಷೇಕ, ಈಗ: ಮೂರು ಮೈಲಿಗಲ್ಲುಗಳು. ಈಸ್ಟರ್ ಪಟ್ಟಿಯಲ್ಲಿ ಹಬ್ಬದ ಲೆಕ್ಕಕ್ಕಾಗಿ ಮಾತ್ರ ಇದ್ದ ಕ್ರಿಸ್ತಶಕವನ್ನು ಆತ ತನ್ನೊಬ್ಬನ ಬಾಳನ್ನು ಅಳೆಯಲು ಬಳಸಿಕೊಂಡನು. ಇಂದು ಹುಟ್ಟಿದ ವರ್ಷ, ಕೆಲಸಕ್ಕೆ ಸೇರಿದ ವರ್ಷ ಎಂದು ಪ್ರತಿಯೊಬ್ಬರೂ ಬರೆದುಕೊಳ್ಳುವುದು ನಮಗೆ ಸಾಮಾನ್ಯವಾಗಿದೆ. ಆ ಕಾಲಕ್ಕೆ ಯೂರೋಪ್ ಖಂಡದಲ್ಲಿ ಅದು ಬಹು ಅಪೂರ್ವವಾದ ಸಂಗತಿ.

ಆತ ಬರೆಯದೆ ಬಿಟ್ಟದ್ದನ್ನೂ ಗಮನಿಸಬೇಕು. ಎಷ್ಟು ಸಾವಿರ ಮಂದಿಗೆ ದೀಕ್ಷೆ ಕೊಟ್ಟೆನೆಂಬ ಲೆಕ್ಕ ಅಲ್ಲಿಲ್ಲ. ಪಿಪಿನನ ಕತ್ತಿಯ ನೆರಳಿಲ್ಲದಿದ್ದರೆ ತನ್ನ ಬೋಧನೆ ನಡೆಯುತ್ತಿರಲಿಲ್ಲವೆಂಬ ಮಾತೂ ಇಲ್ಲ. ೭೧೪ರ ಸೋಲಿನ ಹೆಸರೇ ಇಲ್ಲ. ಸೋಲನ್ನು ಬಚ್ಚಿಟ್ಟನೆನ್ನಲೆ, ಇಲ್ಲವೆ ಗೆಲುವನ್ನೂ ಸೋಲನ್ನೂ ಒಂದೇ ಸಮನಾಗಿ ಬಿಟ್ಟುಕೊಟ್ಟನೆನ್ನಲೆ? ಅರ್ಹನಲ್ಲದಿದ್ದರೂ ಎಂಬ ಮಾತು ಆ ಕಾಲದ ಬರವಣಿಗೆಯಲ್ಲಿ ರೂಢಿಯಾಗಿದ್ದ ವಿನಯವೆಂಬುದೇನೋ ನಿಜ. ಆದರೂ ಮೂವತ್ತೆಂಟು ವರ್ಷ ಪರನಾಡಿನಲ್ಲಿ ದುಡಿದು, ಕಟ್ಟಿದ್ದು ಕುಸಿದುದನ್ನು ಕಂಡು, ಮತ್ತೆ ಕಟ್ಟಲು ಕುಳಿತವನ ಕೈಯಿಂದ ಬಂದಾಗ ಆ ರೂಢಿಯ ಮಾತಿಗೂ ತೂಕ ಬರುವುದು.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ನೆನೆಯಬೇಕು. ರಾಡ್‌ಬಾಡನಿಗೂ ಅವನ ಜನಕ್ಕೂ ಚರ್ಮಪತ್ರದ ಪಂಚಾಂಗವಿರಲಿಲ್ಲ. ತಮ್ಮ ನಾಡಿನ ಮೇಲೆ ಏರಿಬಂದ ಫ್ರಾಂಕರನ್ನೂ, ಅವರ ಹಿಂದೆಯೇ ಬಂದ ಹೊಸ ದೇವರನ್ನೂ ಅವರು ಹೇಗೆ ಕಂಡರೆಂಬುದು ಅವರ ಶತ್ರುಗಳ ಬರಹದಿಂದಲೇ ನಮಗೆ ತಿಳಿಯಬೇಕಾಗಿದೆ. ರಾಡ್‌ಬಾಡನನ್ನು ಕುರಿತು ಕ್ರೈಸ್ತರೇ ಹೇಳಿದ ಒಂದು ಐತಿಹ್ಯವಿದೆ. ಅವನು ದೀಕ್ಷೆಗೆ ಒಪ್ಪಿ ನೀರಿನಲ್ಲಿ ಒಂದು ಕಾಲನ್ನು ಇಟ್ಟಿದ್ದನಂತೆ. ಆಗ, ದೀಕ್ಷೆಯಿಲ್ಲದೆ ಸತ್ತ ನನ್ನ ಹಿರಿಯರು ಎಲ್ಲಿರುವರು ಎಂದು ಕೇಳಿದನಂತೆ. ನರಕದಲ್ಲಿ ಎಂಬ ಉತ್ತರ ಬಂದಿತು. ಹಾಗಾದರೆ ಬೆರಳೆಣಿಕೆಯ ಬಡವರೊಡನೆ ಸ್ವರ್ಗದಲ್ಲಿರುವುದಕ್ಕಿಂತ ನನ್ನ ಹಿರಿಯರಿರುವಲ್ಲಿಯೇ ಇರುವೆನೆಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡನಂತೆ. ಈ ಕಥೆ ಅವನ ಮರಣದ ಎಷ್ಟೋ ಕಾಲದ ಮೇಲೆ ಬರೆದದ್ದು; ಅದನ್ನು ಇತಿಹಾಸವೆಂದು ಎಣಿಸಲಾಗದು. ಆದರೆ ಕಥೆಯ ತಿರುಳು ನಮ್ಮ ವಿಷಯಕ್ಕೆ ಹತ್ತಿರವಾದುದು. ಕಡಲನ್ನು ದಾಟಿ ಬಂದ ಸಂನ್ಯಾಸಿ ಪ್ಯಾಟ್ರಿಕ್, ಓಸ್ವಾಲ್ಡ್, ಹೆವಾಲ್ಡರನ್ನು ಪಂಚಾಂಗದಲ್ಲಿ ಹೊತ್ತು ತಂದನು. ಅದನ್ನು ಬೇಡವೆಂದ ಅರಸನು ತನ್ನ ಹಿರಿಯರನ್ನು ಬಿಟ್ಟು ಬರಲಾರದೆ ನಿಂತನು. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ಸತ್ತವರಲ್ಲಿ ನಮ್ಮವರು ಯಾರು? ಒಬ್ಬನ ಉತ್ತರ ಬರಹದಲ್ಲಿ ಉಳಿಯಿತು. ಇನ್ನೊಬ್ಬನ ಹಿರಿಯರ ಹೆಸರುಗಳು ಗಾಳಿಯ ಪಾಲಾದುವು. ಬರಹವುಳ್ಳವರ ಇತಿಹಾಸವನ್ನು ಓದುವಾಗ ಬರಹವಿಲ್ಲದವರ ನಷ್ಟವನ್ನು ಮರೆಯುವುದು ನಮಗೆ ತಕ್ಕುದಲ್ಲ.

ವಿಲಿಬ್ರಾರ್ಡ್ ಆ ಸಾಲುಗಳನ್ನು ಬರೆದ ಮೇಲೆ ಇನ್ನೂ ಹನ್ನೊಂದು ವರ್ಷ ಬದುಕಿದ್ದನು. ೭೩೧ರಲ್ಲಿ ಬೀಡನು ಆತ ಇನ್ನೂ ಜೀವಿಸಿರುವನೆಂದೂ, ವೃದ್ಧಾಪ್ಯದಿಂದ ಪೂಜ್ಯನಾಗಿರುವನೆಂದೂ ಬರೆದನು. ೭೩೯ರ ನವೆಂಬರ್ ೭ರಂದು, ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು. ಎಖ್ಟರ್ನಾಖ್ ಮಠದಲ್ಲಿಯೇ ಸಮಾಧಿಯಾಯಿತು. ಆತನ ಬಂಧುವೂ ಷಾರ್ಲ್‌ಮೇನ್ ಚಕ್ರವರ್ತಿಯ ಆಸ್ಥಾನಪಂಡಿತನೂ ಆದ ಅಲ್ಕ್ವಿನ್ ಆತನ ಚರಿತ್ರೆಯನ್ನು ಗದ್ಯದಲ್ಲಿಯೂ ಪದ್ಯದಲ್ಲಿಯೂ ರಚಿಸಿದನು. ಆತನ ಮರಣದ ದಿನ ಯಾವ ಪುಟಕ್ಕೆ ಸೇರಬೇಕು? ಕಲೆಂಡಿನಿಂದ ಕೆಳಗೆ ಏಳನೆಯ ಸಾಲು. ಆತನೇ ಅಂಚಿನಲ್ಲಿ ತನ್ನ ಬಾಳನ್ನು ಬರೆದಿಟ್ಟಿದ್ದ ಅದೇ ನವೆಂಬರ್ ಪುಟ. ಸಂತರ ದಿನಗಳನ್ನು ನೋಡಿಕೊಂಡು ನಡೆದವನು ತಾನೇ ಒಂದು ದಿನವಾಗಿ ಪಂಚಾಂಗದ ಗಾಲಿಯೊಳಗೆ ಸೇರಿಹೋದನು. ಇಂದಿಗೂ ನವೆಂಬರ್ ೭ ಆತನ ಹಬ್ಬ.

ಪುಸ್ತಕ ಎಖ್ಟರ್ನಾಖ್ ಮಠದಲ್ಲಿ ಸುಮಾರು ಸಾವಿರ ವರ್ಷ ಉಳಿಯಿತು. ಫ್ರೆಂಚ್ ಕ್ರಾಂತಿಯ ಸೈನ್ಯಗಳು ೧೭೯೪ರಲ್ಲಿ ಬಂದಾಗ ಸಂನ್ಯಾಸಿಗಳು ಮಠವನ್ನು ಬಿಟ್ಟು ಓಡಿದರು, ಮಠ ಮುಚ್ಚಿಹೋಯಿತು. ಅಲ್ಲಿದ್ದ ಹಳೆಯ ಗ್ರಂಥಗಳಲ್ಲಿ ಹಲವು ಆ ಕಾಲದ ಕಲಹದಲ್ಲಿ ಪ್ಯಾರಿಸ್ಸಿಗೆ ಸೇರಿದುವು; ಪಂಚಾಂಗವೂ ಅವುಗಳಲ್ಲಿ ಒಂದು. ೧೯೧೮ರಲ್ಲಿ ವಿಲ್ಸನ್ ಎಂಬ ಆಂಗ್ಲ ವಿದ್ವಾಂಸರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ಎಲ್ಲ ದೇಶದ ಅಭ್ಯಾಸಿಗಳಿಗೂ ಅದು ದೊರೆಯುವಂತಾಯಿತು. ಎಖ್ಟರ್ನಾಖಿನಲ್ಲಿ ಪೆಂಟೆಕಾಸ್ಟ್ ಹಬ್ಬದ ಮರುವಾರದ ಮಂಗಳವಾರ ಸಾವಿರಾರು ಜನ ಸಾಲಾಗಿ ಕುಣಿಯುತ್ತ ವಿಲಿಬ್ರಾರ್ಡನ ಸಮಾಧಿಗೆ ಹೋಗುವ ಉತ್ಸವ ಇಂದಿಗೂ ನಡೆದುಬರುತ್ತಿದೆ. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಉತ್ಸವದ ದಿನವೂ ಈಸ್ಟರಿನಿಂದಲೇ ಗೊತ್ತಾಗುವುದು. ಆದ್ದರಿಂದ ವಿಟ್ಬಿಯಲ್ಲಿ ಪಂಡಿತರು ಹೊಡೆದಾಡಿದ ಲೆಕ್ಕವನ್ನು ಅರಿಯದೆಯೇ ಜನ ಆ ಲೆಕ್ಕಕ್ಕೆ ಹೆಜ್ಜೆ ಹಾಕುತ್ತಿದ್ದಾರೆ ಎನ್ನಬಹುದು.

ದೊಡ್ಡ ಗ್ರಂಥಗಳನ್ನು ಬರೆದವರು ಮುಂದಿನವರು ಓದಲಿ ಎಂದು ಬರೆಯುವರು. ಅಂಚಿನಲ್ಲಿ ಬರೆದವನಿಗೆ ಆ ಆಸೆಯಿರುವುದಿಲ್ಲ. ಆದ್ದರಿಂದ ಅವನ ಮಾತನ್ನು ಹೆಚ್ಚಾಗಿ ನಂಬಬಹುದು. ಮನೆಯ ಹಳೆಯ ಪಂಚಾಂಗದ ಖ್ಯಾತೆ ಹಾಳೆಯ ಮೇಲೆ ಮಗು ಹುಟ್ಟಿದ ಗಳಿಗೆಯನ್ನೋ, ಹಿರಿಯರು ತೀರಿಕೊಂಡ ತಿಥಿಯನ್ನೋ ಯಾರಾದರೂ ಗುರುತು ಹಾಕಿದ್ದರೆ, ಅಟ್ಟವನ್ನು ಗುಡಿಸುವಾಗ ಅದನ್ನು ಕಸಕ್ಕೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡುವುದು ಒಳ್ಳೆಯದು. ರಾಜರ ಯುದ್ಧಗಳನ್ನು ಬರೆದಿಡಲು ಎಷ್ಟೋ ಮಂದಿ ಇದ್ದಾರೆ. ಒಬ್ಬ ಮನುಷ್ಯ ಇಂಥ ವರ್ಷ ಬಂದನು, ಇಂಥ ವರ್ಷ ಒಂದು ಹೊಣೆಯನ್ನು ಹೊತ್ತನು, ಈ ವರ್ಷವೂ ಅದನ್ನು ಹೊತ್ತುಕೊಂಡೇ ಇದ್ದಾನೆ ಎಂಬುದನ್ನು ಬರೆದಿಡಲು ಇರುವ ಜಾಗ ಪುಟದ ಅಂಚು ಮಾತ್ರ.